ಮೈಸೂರು ಸಂಸ್ಥಾನ 1947ರಲ್ಲಿ ಬೇರೆ ದೇಶ ಆಗಬಹುದಿತ್ತಾ?

ಸಾಲಗಾಮೆ ರಸ್ತೆ ಮೇಷ್ಟ್ರು (ಹಾಸನ)

ದ್ವಿತೀಯ ಪಿಯುಸಿ ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡ್ತೀನಿ. ಸಾರ್ವಭೌಮತ್ವದ ಪಾಠ ಮುಗಿಸುವಾಗ ಒಬ್ಬ ಹುಡುಗಿ ಕೇಳಿದಳು: "ಸಾರ್, ಬ್ರಿಟಿಷರು ಹೋದಾಗ ನಮ್ಮ ಮಹಾರಾಜರು ಯಾರ ಜೊತೆಗೂ ಸೇರಲ್ಲ ಅಂದಿದ್ರೆ ಮೈಸೂರು ಬೇರೆ ದೇಶ ಆಗ್ತಿತ್ತಾ?" ತರಗತಿ ನಕ್ಕಿತು. ನಗೋ ಪ್ರಶ್ನೆ ಅಲ್ಲ ಅದು. ಕಾಗದದ ಮೇಲೆ ನೋಡಿದರೆ ಉತ್ತರ ಹೌದು.

1947ರ ಭಾರತ ಸ್ವಾತಂತ್ರ್ಯ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಸಂಸ್ಥಾನಗಳ ಮೇಲೆ ಬ್ರಿಟಿಷ್ ದೊರೆಗಿದ್ದ ಪರಮಾಧಿಕಾರ ಆಗಸ್ಟ್ 15ಕ್ಕೆ ಕೊನೆಯಾಯ್ತು. ಅದನ್ನು ದೆಹಲಿಗೆ ಹಸ್ತಾಂತರ ಮಾಡಲಿಲ್ಲ, ಇಲ್ಲ ಅನ್ನಿಸಿಬಿಟ್ಟರು ಅಷ್ಟೆ. ತಿರುವಾಂಕೂರಿನ ದಿವಾನ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಇದನ್ನೇ ಹಿಡಿದುಕೊಂಡು ಆ ಜೂನ್‌ನಲ್ಲಿ ನಾವು ಸ್ವತಂತ್ರ ದೇಶ ಆಗ್ತೀವಿ ಅಂತ ಘೋಷಿಸಿದ್ದು. ಜುಲೈ 25ರಂದು ಅವರ ಮೇಲೆ ಹಲ್ಲೆ ಆಯ್ತು, ಸ್ವಲ್ಪ ದಿನಕ್ಕೇ ತಿರುವಾಂಕೂರು ಭಾರತಕ್ಕೆ ಸೇರಿತು. ಅದೇ ಜುಲೈ 25ರಂದು ದೆಹಲಿಯಲ್ಲಿ ಮೌಂಟ್‌ಬ್ಯಾಟನ್ ರಾಜರನ್ನೆಲ್ಲ ಸೇರಿಸಿ, ಪಕ್ಕದಲ್ಲಿರೋ ದೇಶವನ್ನೂ ಬಿಟ್ಟು ಓಡಲಾರಿರಿ, ನಿಮ್ಮ ಪ್ರಜೆಗಳನ್ನೂ ಬಿಟ್ಟು ಓಡಲಾರಿರಿ ಅನ್ನೋ ಅರ್ಥದ ಮಾತು ಹೇಳಿದ್ದರು.

ಅಷ್ಟಾದರೂ ನನ್ನ ಉತ್ತರ ಇಲ್ಲ ಅಂತಲೇ. ಕಾರಣ ಮಾತ್ರ ಬೇರೆ. ಜಯಚಾಮರಾಜ ಒಡೆಯರ್ ಆಗಸ್ಟ್ 15ಕ್ಕೆ ಮೊದಲೇ ಸೇರ್ಪಡೆ ಪತ್ರಕ್ಕೆ ಸಹಿ ಹಾಕಿ ರಕ್ಷಣೆ, ವಿದೇಶಾಂಗ, ಸಂಪರ್ಕ ಈ ಮೂರನ್ನು ಬಿಟ್ಟುಕೊಟ್ಟರು. ಮಿಕ್ಕಿದ್ದೆಲ್ಲ ಅರಮನೆಯಲ್ಲೇ ಉಳಿಯಿತು. ಆಗಸ್ಟ್ 16ರ ಬೆಳಿಗ್ಗೆ ಹಾಸನದ ರೈತ ಇನ್ನೂ ದಿವಾನರ ಆಡಳಿತದಲ್ಲೇ ಇದ್ದ. ಅದಕ್ಕೇ ಸೆಪ್ಟೆಂಬರ್‌ನಲ್ಲಿ, ಜನರಿಗೆ ಜವಾಬ್ದಾರಿಯಾದ ಸರ್ಕಾರ ಬೇಕು ಅಂತ ಮೈಸೂರು ಚಲೋ ಚಳವಳಿ ಎದ್ದದ್ದು. ಜೈಲು ತುಂಬಿದವು, ಗೋಲಿಬಾರ್ ಆಯ್ತು, ಮೈಸೂರಿನ ರಾಮಸ್ವಾಮಿ ವೃತ್ತಕ್ಕೆ ಆಗ ಸತ್ತ ವಿದ್ಯಾರ್ಥಿಯ ಹೆಸರೇ ಇಟ್ಟಿದಾರೆ. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಈ ಸೀಮೆಯ ಜನ ತಮ್ಮ ವಿಷಯ ತಾವೇ ತೀರ್ಮಾನ ಮಾಡಿಕೊಂಡದ್ದು ಆವಾಗ. ಆಗಸ್ಟ್‌ನ ಸಹಿ ರಾಜರಿಗೂ ದೆಹಲಿಗೂ ನಡೆದ ವ್ಯವಹಾರ. ಒಪ್ಪದಿದ್ದವರು ಬನ್ನಿ, ಸೋಮವಾರ ತರಗತಿಯಲ್ಲಿ ನಿಮ್ಮ ವಾದವನ್ನೂ ಹೇಳ್ತೀನಿ.

ಅರಸೀಕೆರೆ ಜಂಕ್ಷನ್

ಆಗ್ತಿರಲಿಲ್ಲ. ಸರ್ದಾರ್ ಪಟೇಲ್ ಇದ್ರು. ಮುಂದಿನ ಪ್ರಶ್ನೆ ಕೇಳಿ.

ತರೀಕೆರೆ ತರಲೆ

ಮೇಷ್ಟ್ರೇ, ಒಂದು ಒಗ್ಗರಣೆ ನನ್ನದೂ ಇರಲಿ. ಮೈಸೂರು ಚಲೋ ಕಾಲದ ದಿವಾನರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ಸಹಿ ಹಾಕಿದವರು. ಸನ್ನದಿನ ಮೊದಲನೇ ವಿಧಿಯಲ್ಲೇ ಜನರ ಸ್ವಯಂ ನಿರ್ಣಯದ ತತ್ವ ಇದೆ. ಭಾರತವೇ ಆಗ ಬ್ರಿಟಿಷರ ಕೈಯಲ್ಲಿತ್ತು, ಸಹಿ ಮಾತ್ರ ನಮ್ಮದೂ ಇತ್ತು! ಮರುವರ್ಷ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಗೆ ಮೊದಲ ಅಧ್ಯಕ್ಷರಾದರು, ಅದೇ ವರ್ಷ ಮೈಸೂರಿಗೆ ದಿವಾನರಾಗಿ ಬಂದರು. 1947ರಲ್ಲಿ ನಮ್ಮ ಜನ ಅದೇ ತತ್ವವನ್ನು ಬೀದಿಯಲ್ಲಿ ನಿಂತು ಕೇಳಿದಾಗ ಅವರ ಪೊಲೀಸರ ಲಾಠಿ ಎದ್ದವು.

ಇನ್ನು ಮೈಸೂರಿನ ಸಾರ್ವಭೌಮತ್ವ ಅನ್ನೋದು. 1799ರ ಒಪ್ಪಂದ ಆದ ಮೇಲೆ ಅದು ಎಲ್ಲಿತ್ತು ಸ್ವಾಮಿ? ಶಿವಮೊಗ್ಗ ಕಡೆಯ ನಗರ ಸೀಮೆಯ ದಂಗೆಯನ್ನು ನೆಪ ಮಾಡಿಕೊಂಡು 1831ರಲ್ಲಿ ಕಂಪನಿ ಆಡಳಿತವನ್ನೇ ಕಿತ್ತುಕೊಂಡಿತು, 50 ವರ್ಷ ವಾಪಸ್ ಕೊಡಲಿಲ್ಲ. (ಆ ದಂಗೆಯಲ್ಲಿ ತರೀಕೆರೆ ಪಾಳೆಯಗಾರ ರಂಗಪ್ಪ ನಾಯಕರೂ ಇದ್ದರು, ಹೇಳದೆ ಬಿಟ್ಟರೆ ಊರಿಗೆ ಹೋಗೋಕಾಗಲ್ಲ ನಾನು.) 1881ರಲ್ಲಿ ಒಡೆಯರಿಗೆ ಮರಳಿಸಿದಾಗ ಷರತ್ತುಗಳು ಹೀಗಿದ್ದವು: ವರ್ಷಕ್ಕೆ 35 ಲಕ್ಷ ರೂಪಾಯಿ ಪೊಗದಿ, ಹೊಸ ಕೋಟೆ ಕಟ್ಟಬಾರದು, ಸ್ವಂತ ನಾಣ್ಯ ಹೊಡೆಸಬಾರದು.

ಈಗ ಬೇಲೂರಿಗೆ ಬನ್ನಿ. ವಿಷ್ಣುವರ್ಧನ ಶಾಸನಗಳಲ್ಲಿ ಮಹಾಮಂಡಲೇಶ್ವರ, ಅಂದರೆ ಕಲ್ಯಾಣದ ಚಾಲುಕ್ಯರಿಗೆ ಅಧೀನ. ಆದರೂ ಚೋಳರಿಂದ ತಲಕಾಡು ಗೆದ್ದು, "ತಲಕಾಡುಗೊಂಡ" ಅಂತ ಕನ್ನಡದಲ್ಲೇ ಬರೆಸಿ ಚಿನ್ನದ ನಾಣ್ಯ ಹೊಡೆಸಿದ. ಹೊಯ್ಸಳರು ಪೂರ್ತಿ ಸ್ವತಂತ್ರರಾದದ್ದು ಮೊಮ್ಮಗ ಎರಡನೇ ಬಲ್ಲಾಳನ ಕಾಲಕ್ಕೆ. ಮಾಂಡಲಿಕನಿಗೆ ಇದ್ದದ್ದು ಮಹಾರಾಜರಿಗೆ ಇರಲಿಲ್ಲ. ಸಾರ್ವಭೌಮತ್ವ ಇದೆ ಅಥವಾ ಇಲ್ಲ ಅಂತ ಎರಡೇ ಖಾನೆ ಮಾಡೋದು ಯುರೋಪಿನ 1648ರ ವೆಸ್ಟ್‌ಫೇಲಿಯಾ ಒಪ್ಪಂದವನ್ನು ಎಲ್ಲಕ್ಕೂ ಮೂಲ ಅಂತ ಹೇಳೋ ಪಠ್ಯಪುಸ್ತಕದವರ ಅಭ್ಯಾಸ. ನಮ್ಮ ಕಡೆ ಅದು ಯಾವಾಗಲೂ ಹಂಚಿಕೊಂಡೇ ಇತ್ತು.

ಅರಸೀಕೆರೆ ಜಂಕ್ಷನ್

ತರೀಕೆರೆಯವರೇ, ಹೊಯ್ಸಳರ ತನಕ ಹೋಗೋದು ಬೇಡ. ಪಕ್ಕದ ಈಸೂರು ನೋಡಿ. 1942ರಲ್ಲೇ "ಏಸೂರು ಕೊಟ್ಟರೂ ಈಸೂರು ಕೊಡೆವು" ಅಂದು ಸ್ವತಂತ್ರ ಘೋಷಿಸಿಕೊಂಡ ಊರು. ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಅಂತ ನೇಮಿಸಿಕೊಂಡಿದ್ರು. ಅದು ಸ್ವಾಭಿಮಾನ. ಚರ್ಚೆ ಮಾಡ್ತಾ ಕೂರಲಿಲ್ಲ ಅವರು.

ಹಿಂದಿನ ಬೆಂಚು (ಹಾಸನ)

ನಮಸ್ತೆ, ಪ್ರಶ್ನೆ ಕೇಳಿದ ಹುಡುಗಿ ನಾನೇ. ಅಂಕಲ್, ಈಸೂರಿನವರು ಎದ್ದು ನಿಂತದ್ದು ಯಾರ ಅಮಲ್ದಾರನ ವಿರುದ್ಧ? ಶಿಕಾರಿಪುರ ತಾಲೂಕು ಮೈಸೂರು ಸಂಸ್ಥಾನದಲ್ಲಿತ್ತು. ಗಲಭೆಯಲ್ಲಿ ಸತ್ತ ಅಮಲ್ದಾರರು, ಇನ್ಸ್‌ಪೆಕ್ಟರ್ ಇಬ್ಬರೂ ಮಹಾರಾಜರ ಸರ್ಕಾರದವರು. 1943ರಲ್ಲಿ ಐದು ಜನರನ್ನು ಗಲ್ಲಿಗೆ ಹಾಕಿದ್ದೂ ಅದೇ ಸರ್ಕಾರ. ಹಾಗಾದ್ರೆ ಮೈಸೂರು ಬೇರೆ ದೇಶ ಆಗಿದ್ರೆ ಈಸೂರಿನವರಿಗೆ ಏನು ಸಿಗ್ತಿತ್ತು?

ಸಾಲಗಾಮೆ ರಸ್ತೆ ಮೇಷ್ಟ್ರು (ಹಾಸನ)

ಇದನ್ನು ತರಗತಿಯಲ್ಲೇ ಕೇಳಬಾರದಿತ್ತೇನಮ್ಮ, ನಾನು ಅರ್ಧ ಗಂಟೆ ಮಾತಾಡೋದು ಉಳೀತಿತ್ತು.

ಕೋರ್ಟು ಕಟ್ಟೆ (ಚಿಕ್ಕಮಗಳೂರು)

ವಕೀಲಿಕೆ ನನ್ನದು, ಇತಿಹಾಸ ತರೀಕೆರೆಯವರಿಗೆ ಬಿಟ್ಟೆ. ಸ್ವಯಂ ನಿರ್ಣಯ ಕಾನೂನಿನಲ್ಲಿ ಹೇಗೆ ಬೆಳೆಯಿತು ಅನ್ನೋದನ್ನ ಹೇಳ್ತೀನಿ.

ಸನ್ನದಿನಲ್ಲಿ ಅದು ಬರೀ ತತ್ವ. ಹಲ್ಲು ಬಂದದ್ದು 1960ರ ಡಿಸೆಂಬರ್ 14ರಂದು, ಸಾಮಾನ್ಯ ಸಭೆಯ 1514ನೇ ನಿರ್ಣಯದಲ್ಲಿ. ಪರವಾಗಿ 89 ದೇಶ, ವಿರುದ್ಧ ಒಂದೂ ಇಲ್ಲ, 9 ತಟಸ್ಥ. ವಸಾಹತುಗಳಿಗೆ ಸ್ವಾತಂತ್ರ್ಯ ಕೊಡಲೇಬೇಕು ಅಂತ ಒಂದು ಪ್ಯಾರಾ, ಇರುವ ದೇಶದ ಭೂಪ್ರದೇಶದ ಏಕತೆ ಒಡೆಯೋ ಯತ್ನ ಸನ್ನದಿಗೆ ವಿರುದ್ಧ ಅಂತ ಇನ್ನೊಂದು ಪ್ಯಾರಾ. ಇವೆರಡರ ಜಗಳ ಇವತ್ತಿಗೂ ಮುಗಿದಿಲ್ಲ. ಆಫ್ರಿಕಾದ ದೇಶಗಳು 1964ರಲ್ಲಿ ಕೈರೋದಲ್ಲಿ ಸೇರಿ, ವಸಾಹತುಗಾರರು ಎಳೆದ ಗಡಿ ಎಷ್ಟೇ ವಕ್ರ ಇದ್ದರೂ ಅದನ್ನೇ ಒಪ್ಪಿಕೊಳ್ಳೋಣ ಅಂದವು. ಒಂದು ಗಡಿ ಕೆದಕಿದರೆ ಎಲ್ಲರ ಮನೆ ಗೋಡೆಯೂ ಬೀಳುತ್ತೆ ಅನ್ನೋ ಭಯ. ಅನ್ಯಾಯವೇ ಇರಬಹುದು, ಆದರೆ ಆ ಭಯ ಸುಳ್ಳಲ್ಲ.

ನಮ್ಮ ದೇಶದ ನಿಲುವು ಇನ್ನೂ ಸ್ಪಷ್ಟ. 1966ರ ಎರಡು ಮಾನವ ಹಕ್ಕು ಒಡಂಬಡಿಕೆಗಳ ಮೊದಲ ವಿಧಿಯೇ ಸ್ವಯಂ ನಿರ್ಣಯ. 1979ರಲ್ಲಿ ಭಾರತ ಅವುಗಳಿಗೆ ಸೇರುವಾಗ, ಈ ಹಕ್ಕು ಪರಕೀಯ ಆಳ್ವಿಕೆಯಲ್ಲಿರೋ ಜನರಿಗೆ ಮಾತ್ರ, ಸ್ವತಂತ್ರ ಸಾರ್ವಭೌಮ ದೇಶದ ಒಂದು ಭಾಗದ ಜನರಿಗೆ ಅಲ್ಲ ಅಂತ ಬರೆದುಕೊಟ್ಟಿತು. ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್ ಆಕ್ಷೇಪಣೆ ಎತ್ತಿದವು. ನಾವು ಅದನ್ನ ಹಿಂತೆಗೆದುಕೊಂಡಿಲ್ಲ.

ಅರಸೀಕೆರೆ ಜಂಕ್ಷನ್

ಸರಿಯಾಗೇ ಬರೆದುಕೊಟ್ಟಿದೆ. ಬೇಡ ಅಂದವರಿಗೆಲ್ಲ ಒಂದೊಂದು ದೇಶ ಕೊಡ್ತಾ ಹೋದ್ರೆ ಕೊನೆಗೆ ಹೋಬಳಿಗೊಂದು ಪಾಸ್‌ಪೋರ್ಟು ಆಗುತ್ತೆ. ಬಾಂಗ್ಲಾದೇಶದ ಮಾತು ಬೇರೆ. ಅಲ್ಲಿ ಜನರನ್ನ ಕೊಲ್ತಿದ್ರು.

ಕೋರ್ಟು ಕಟ್ಟೆ (ಚಿಕ್ಕಮಗಳೂರು)

ಅಣ್ಣ, ಗೊತ್ತಿದ್ದು ಹೇಳಿದ್ರೋ ಗೊತ್ತಿಲ್ಲದೆ ಹೇಳಿದ್ರೋ, ಕಾನೂನಿನ ಗಟ್ಟಿ ವಾದ ಅದೇ. 1970ರ 2625ನೇ ನಿರ್ಣಯದಲ್ಲಿ ದೇಶದ ಏಕತೆಗೆ ರಕ್ಷಣೆ ಇದೆ, ಆದರೆ ಜನಾಂಗ, ಮತ, ಬಣ್ಣದ ಭೇದ ಮಾಡದೆ ಎಲ್ಲ ಜನರನ್ನೂ ಪ್ರತಿನಿಧಿಸೋ ಸರ್ಕಾರ ಇರೋ ದೇಶಕ್ಕೆ ಅದು. ಚುನಾವಣೆ ಗೆದ್ದವರಿಗೆ ಅಧಿಕಾರ ಕೊಡದೆ ಸೈನ್ಯ ಬಿಟ್ಟ ಪಾಕಿಸ್ತಾನ ಸರ್ಕಾರ ಆ ರಕ್ಷಣೆ ಕೇಳಬಹುದಾ? ಅಲ್ಲಿಂದ ಶುರುವಾಗೋದು, ಬೇರೆ ದಾರಿಯೇ ಇಲ್ಲದಾಗ ಬೇರೆಯಾಗೋ ಹಕ್ಕು ಅನ್ನೋ ವಾದ. ಒಪ್ಪೋರೂ ಇದಾರೆ, ಒಪ್ಪದವರೂ ಇದಾರೆ. ಸರ್ಬಿಯಾದಿಂದ ಬೇರೆಯಾಗ್ತೀವಿ ಅಂದ ಕೊಸೊವೊ ವಿಷಯದಲ್ಲಿ 2010ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ, ಸ್ವಾತಂತ್ರ್ಯ ಘೋಷಣೆ ಮಾಡಿದ್ದು ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆ ಅಲ್ಲ ಅಂತ ಮಾತ್ರ ಹೇಳಿ ಜಾರಿಕೊಂಡಿತು. ಬೇರೆಯಾಗೋ ಹಕ್ಕು ಇದೆಯಾ ಅನ್ನೋದನ್ನ ಮುಟ್ಟಲೇ ಇಲ್ಲ. ಭಾರತ ಇವತ್ತಿಗೂ ಕೊಸೊವೊವನ್ನು ಮಾನ್ಯ ಮಾಡಿಲ್ಲ. ಬಾಂಗ್ಲಾದೇಶಕ್ಕೆ 1971ರ ಡಿಸೆಂಬರ್ 6ರಂದೇ, ಯುದ್ಧ ನಡೀತಿರುವಾಗಲೇ ಮಾನ್ಯತೆ ಕೊಟ್ಟಿದ್ದೆವು.

ಅಡ್ಮಿನ್

ಕಾಶ್ಮೀರದ ಬಗ್ಗೆ ಬಂದ ಎಂಟ್ಹತ್ತು ಪ್ರತಿಕ್ರಿಯೆಗಳನ್ನು ಬೇರೆ ಎಳೆಗೆ ಸಾಗಿಸಿದ್ದೇನೆ. ಅಲ್ಲಿ ಬೈದಾಡಿಕೊಳ್ಳಬಹುದು ಅಂತ ಅರ್ಥ ಅಲ್ಲ. ಇಲ್ಲಿ ಮೇಷ್ಟ್ರ ಪ್ರಶ್ನೆ ಮುಂದುವರಿಯಲಿ.

ಹೆತ್ತೂರಿನ ಮಗಳು (ಎಡಿನ್‌ಬರೋ, ಮೂಲ ಸಕಲೇಶಪುರ)

ಒಂದು ದೇಶ ಬೇರೆಯಾಗಬೇಕೋ ಬೇಡವೋ ಅಂತ ಮತ ಹಾಕಿದವಳು ಈ ಎಳೆಯಲ್ಲಿ ನಾನೊಬ್ಬಳೇ ಇರಬೇಕು. 2014ರ ಸೆಪ್ಟೆಂಬರ್ 18, ಸ್ಕಾಟ್ಲೆಂಡಿನ ಜನಮತಗಣನೆ. ನನ್ನದು ಭಾರತದ ಪಾಸ್‌ಪೋರ್ಟ್. ಅಲ್ಲಿ ವಾಸ ಇದ್ದ ಕಾಮನ್‌ವೆಲ್ತ್ ದೇಶದವರಿಗೂ ಮತ ಇತ್ತು, 16 ತುಂಬಿದ ಮಕ್ಕಳಿಗೂ ಇತ್ತು. ನನ್ನ ವಾರ್ಡಿನಲ್ಲಿ ಜೊತೆಗೆ ಕೆಲಸ ಮಾಡೋಳ ಅಣ್ಣ ಗ್ಲಾಸ್ಗೋದಲ್ಲೇ ಹುಟ್ಟಿ ಬೆಳೆದವನು, ಆಗ ಲಂಡನ್‌ನಲ್ಲಿದ್ದ. ಅವನಿಗೆ ಮತ ಇಲ್ಲ! ಅವಳಿಗೆ ಎಷ್ಟು ಸಿಟ್ಟು ಅಂದ್ರೆ ಊಟದ ಹೊತ್ತಲ್ಲಿ ನನ್ನ ಹತ್ತಿರ ಸರಿಯಾಗಿ ಮಾತೇ ಆಡ್ತಿರಲಿಲ್ಲ. ನಾನೇನು ಮಾಡಲಿ, ಚೀಟಿ ಬಂತು, ಹಾಕಿದೆ.

ಶೇ 55ರಷ್ಟು ಜನ ಬ್ರಿಟನ್ ಜೊತೆಗೇ ಇರೋಣ ಅಂದ್ರು. ಮಾರನೇ ದಿನ ಬಸ್ಸು ಓಡಾಡ್ತಿದ್ವು. 2016ರಲ್ಲಿ ಬ್ರಿಟನ್ ಯುರೋಪ್ ಒಕ್ಕೂಟ ಬಿಡೋ ತೀರ್ಮಾನ ಮಾಡಿದಾಗ ಸ್ಕಾಟ್ಲೆಂಡಿನಲ್ಲಿ ಶೇ 62 ಜನ ಒಕ್ಕೂಟದಲ್ಲೇ ಇರೋಣ ಅಂದಿದ್ರು, ಒಟ್ಟು ಲೆಕ್ಕದಲ್ಲಿ ಸೋತರು. ಈಗ ಮತ್ತೆ ಕೇಳೋಣ ಅಂದ್ರೆ, ಲಂಡನ್ ಒಪ್ಪದೆ ಅಂಥ ಜನಮತಗಣನೆಗೆ ಕಾನೂನು ಮಾಡಂಗಿಲ್ಲ ಅಂತ 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ.

ಅರಸೀಕೆರೆ ಜಂಕ್ಷನ್

ತಪ್ಪು ತಿಳೀಬೇಡಿ ಅಕ್ಕ. ದೇಶ ಇರಬೇಕೋ ಬೇಡವೋ ಅಂತ ಬಾಡಿಗೆ ಮನೇಲಿರೋರನ್ನ ಕೇಳೋದು ಯಾವ ನ್ಯಾಯ?

ಹಿಂದಿನ ಬೆಂಚು (ಹಾಸನ)

ಅಂದ್ರೆ ಮತದಾರರ ಪಟ್ಟಿ ಮಾಡಿದವರೇ ಅರ್ಧ ಉತ್ತರ ಬರೆದ ಹಾಗೆ ಆಯ್ತಲ್ಲ? ಜನ ತೀರ್ಮಾನ ಮಾಡ್ಲಿ ಅನ್ನೋಕೆ ಮುಂಚೆ ಯಾರು ಜನ ಅಂತ ಯಾರೋ ತೀರ್ಮಾನ ಮಾಡಿರಬೇಕು.

ಕೋರ್ಟು ಕಟ್ಟೆ (ಚಿಕ್ಕಮಗಳೂರು)

ಮಗೂ, ದೊಡ್ಡ ದೊಡ್ಡವರು ಸಿಕ್ಕಿಬಿದ್ದಿರೋದು ಅಲ್ಲೇ. ಪಶ್ಚಿಮ ಸಹಾರಾದಲ್ಲಿ ಜನಮತಗಣನೆ ಮಾಡಿಸೋಕೆ ಅಂತಲೇ ವಿಶ್ವಸಂಸ್ಥೆ 1991ರಲ್ಲಿ ತಂಡ ಕಳಿಸಿತು. ಪಟ್ಟಿಯಲ್ಲಿ ಯಾರ ಹೆಸರಿರಬೇಕು ಅನ್ನೋ ಜಗಳದಲ್ಲೇ ಅದು ನಿಂತುಹೋಯ್ತು, ಮತದಾನ ಇವತ್ತಿನವರೆಗೂ ನಡೆದಿಲ್ಲ.

ಕೆನಡಾದ ಕ್ವಿಬೆಕ್ ಕಥೆ ಇನ್ನೂ ಸ್ವಾರಸ್ಯ. 1995ರಲ್ಲಿ ಬೇರೆಯಾಗೋದು ಬೇಡ ಅಂದವರು ಶೇ 50.58, ಬೇಕು ಅಂದವರು ಶೇ 49.42. ಕೂದಲೆಳೆ. ಆದರೆ ಅದಕ್ಕೆ ಕೆಲವು ದಿನ ಮೊದಲು ಕ್ವಿಬೆಕ್‌ನ ಉತ್ತರದ ಕ್ರೀ ಬುಡಕಟ್ಟಿನವರು ತಮ್ಮದೇ ಜನಮತಗಣನೆ ಮಾಡಿಕೊಂಡಿದ್ದರು. ಕ್ವಿಬೆಕ್ ಹೊರಗೆ ಹೋದರೂ ನಾವೂ ನಮ್ಮ ನೆಲವೂ ಕೆನಡಾದಲ್ಲೇ ಅಂತ ಶೇ 96ಕ್ಕೂ ಹೆಚ್ಚು ಜನ ಹೇಳಿದರು. ಸ್ವಯಂ ನಿರ್ಣಯ ಕೇಳಿದವರ ಒಳಗೇ ಇನ್ನೊಬ್ಬರು ಸ್ವಯಂ ನಿರ್ಣಯ ಕೇಳಿದರು. ಕ್ವಿಬೆಕ್‌ನ ನಾಯಕರಿಗೆ ಅದಕ್ಕೆ ನೆಟ್ಟಗಿನ ಉತ್ತರ ಇರಲಿಲ್ಲ.

1998ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು ನನಗೆ ತುಂಬ ಹಿಡಿಸಿದ ತೀರ್ಪು. ಏಕಪಕ್ಷೀಯವಾಗಿ ಹೊರಗೆ ಹೋಗೋ ಹಕ್ಕು ಇಲ್ಲ. ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ, ಮಿಕ್ಕವರು ಕಿವಿ ಮುಚ್ಚಿಕೊಂಡು ಕೂರೋ ಹಾಗೂ ಇಲ್ಲ, ಕೂತು ಮಾತಾಡಲೇಬೇಕು.

ಹೆತ್ತೂರಿನ ಮಗಳು (ಎಡಿನ್‌ಬರೋ, ಮೂಲ ಸಕಲೇಶಪುರ)

ಕ್ರೀ ಜನರ ವಿಷಯ ಓದಿ ನಮ್ಮ ಐಗೂರು ನೆನಪಾಯ್ತು. ಬಲಂ ಸೀಮೆಯ (ನಮ್ಮ ಸಕಲೇಶಪುರ ಕಡೆಯ) ಪಾಳೆಯಗಾರ ವೆಂಕಟಾದ್ರಿ ನಾಯಕರದ್ದೂ ಇದೇ ವಾದ ಅಲ್ವಾ ತರೀಕೆರೆಯವರೇ?

ತರೀಕೆರೆ ತರಲೆ

ಭೇಷ್ ಅಕ್ಕ. ಟಿಪ್ಪು ಸತ್ತ ಮೇಲೆ ಮೈಸೂರು ಒಡೆಯರಿಗೆ ಬಂತು, ಅದರ ಜೊತೆಗೆ ಮಂಜರಾಬಾದ್, ಅಂದರೆ ಬಲಂ ಸೀಮೆಯೂ ನಮ್ಮದೇ ಅಂದರು. ಐಗೂರಿನ ನಾಯಕರು ಕೇಳಲಿಲ್ಲ. ಘಟ್ಟದ ದಾರಿ ಕಟ್ಟಿ, ಕಾಡಿನಲ್ಲಿ ಕೋಟೆ ಮಾಡಿಕೊಂಡು ನಿಂತರು. 1802ರ ಫೆಬ್ರವರಿಯಲ್ಲಿ ಹಿಡಿದು ಗಲ್ಲಿಗೆ ಹಾಕಿದರು. ದಂಡಯಾತ್ರೆ ಮಾಡಿದ್ದು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದ ಅದೇ ಮನುಷ್ಯ. ನಮ್ಮ ಮಲೆನಾಡಿನ ಮಳೆಕಾಡಲ್ಲಿ ತಾಲೀಮು ಮಾಡಿ ಹೋದವನು!

ಈಗ ಮೇಷ್ಟ್ರ ಪ್ರಶ್ನೆಯನ್ನ ತಿರುಗಿಸಿ ಕೇಳಿ. ಮೈಸೂರು ಭಾರತದಿಂದ ಬೇರೆ ಇರಬಹುದಿತ್ತು ಅಂದ್ರೆ, ಬಲಂ ಮೈಸೂರಿನಿಂದ ಬೇರೆ ಇರಬಾರದಿತ್ತಾ? ನಾಯಕರೂ ಪ್ರಜೆಗಳನ್ನ ಕೇಳಿ ಆಳಿದವರಲ್ಲ, ಅವರ ತೋಟದ ಆಳುಗಳಿಗೆ ಯಾರ ಗೆಲುವೂ ಒಂದೇ. ಅದಕ್ಕೇ ನನಗೆ ಮೇಷ್ಟ್ರ ಮಾತು ಅರ್ಧ ಒಪ್ಪಿಗೆ: ಸಹಿಗಿಂತ ಸತ್ಯಾಗ್ರಹ ಮುಖ್ಯ. ಮಿಕ್ಕರ್ಧ ಒಪ್ಪಿಗೆ ಇಲ್ಲ. ಮೈಸೂರು ಚಲೋದವರು ಕೇಳಿದ್ದು ಜವಾಬ್ದಾರಿ ಸರ್ಕಾರ, ಭಾರತ ಬೇಕೋ ಬೇಡವೋ ಅಂತ ಅವರನ್ನೂ ಯಾರೂ ಕೇಳಲಿಲ್ಲ. ಜುನಾಗಢದಲ್ಲಿ ಕೇಳಿದರು, 1948ರ ಫೆಬ್ರವರಿಯಲ್ಲಿ. ಪಾಕಿಸ್ತಾನದ ಪರ ಬಿದ್ದದ್ದು 91 ಮತ. ಆದರೆ ಭಾರತದ ಆಡಳಿತ ಬಂದು ಕೂತ ಮೇಲೆ ನಡೆದ ಮತದಾನ ಅದು.

ಸಾಲಗಾಮೆ ರಸ್ತೆ ಮೇಷ್ಟ್ರು (ಹಾಸನ)

ಕೇಳದಿದ್ದರೂ ಹೇಳಿದ್ದರು. ಸತ್ಯಾಗ್ರಹಿಗಳ ಕೈಯಲ್ಲಿದ್ದದ್ದು ಕಾಂಗ್ರೆಸ್ಸಿನ ಬಾವುಟ, ಗಂಡಭೇರುಂಡದ್ದಲ್ಲ. ಜನಮತ ಗೊತ್ತಾಗೋಕೆ ಚೀಟಿಯೇ ಬೇಕು ಅಂದರೆ ಪ್ರಪಂಚದ ಮುಕ್ಕಾಲು ದೇಶಗಳಿಗೆ ಅಡಿಪಾಯ ಇಲ್ಲ ಅನ್ನಬೇಕಾಗುತ್ತೆ. 1956ರ ಏಕೀಕರಣವನ್ನೇ ನೋಡಿ. ಹಳೆ ಮೈಸೂರಿನಲ್ಲಿ ಬೇಡ ಅನ್ನೋ ದನಿ ಜೋರಾಗೇ ಇತ್ತು, ಜನಮತಗಣನೆ ಮಾಡಲಿಲ್ಲ. ಸಂವಿಧಾನದ 3ನೇ ವಿಧಿಯಲ್ಲಿ ರಾಜ್ಯಗಳ ಗಡಿ ಬದಲಿಸೋದು ಸಂಸತ್ತಿನ ಕೈಲಿದೆ, ರಾಜ್ಯದ ವಿಧಾನಮಂಡಲದ ಅಭಿಪ್ರಾಯ ಕೇಳಬೇಕು ಅಷ್ಟೆ, ಕೇಳಿದಂತೆ ನಡೆಯಬೇಕಾಗಿಲ್ಲ. 2014ರಲ್ಲಿ ಆಂಧ್ರ ವಿಧಾನಸಭೆ ತೆಲಂಗಾಣ ಮಸೂದೆ ತಿರಸ್ಕರಿಸಿತು, ಮರುತಿಂಗಳೇ ಸಂಸತ್ತು ಪಾಸು ಮಾಡಿತು.

ಗೊರೂರು ಎಡದಂಡೆ

ನಿಮ್ಮ ಚರ್ಚೆ ಚೆನ್ನಾಗಿದೆ, ಆದ್ರೆ ಎಲ್ರೂ ನೆಲದ ಮಾತೇ ಆಡ್ತಿದೀರಿ. ನೀರಿಗೆ ಬನ್ನಿ. ಕಾವೇರಿಗೆ ಸೇರೋ ನಮ್ಮ ಹೇಮಾವತಿ ಮೂಡಿಗೆರೆ ತಾಲೂಕಲ್ಲಿ ಹುಟ್ಟುತ್ತೆ, ಸಕಲೇಶಪುರ ದಾಟಿ ಗೊರೂರಿಗೆ ಬರುತ್ತೆ. ಅದರ ಮೇಲೆ ಅಣೆಕಟ್ಟು ಕಟ್ಟೋಕೆ ಹೋದಾಗ ಅಡ್ಡ ಬಂದದ್ದು ಹಳೇ ಮದ್ರಾಸಿನ ಜೊತೆಗಿನ 1892, 1924ರ ಒಪ್ಪಂದಗಳು. ಮೊದಲನೇದರ ಸಾರ ಏನು ಗೊತ್ತಾ? ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಹೊಸ ನೀರಾವರಿ ಕೆಲಸ ಮಾಡಂಗಿಲ್ಲ. ಮದ್ರಾಸು ಅಂದ್ರೆ ಸಾಕ್ಷಾತ್ ಬ್ರಿಟಿಷ್ ಸರ್ಕಾರ, ಮೈಸೂರು ಅಂದ್ರೆ ಅದರ ಅಡಿಯಾಳು. ಅದು ಒಪ್ಪಂದವೋ, ದಬಾಯಿಸಿ ಹಾಕಿಸ್ಕೊಂಡ ಸಹಿಯೋ? ಸಾರ್ವಭೌಮತ್ವ ಇಲ್ಲದೋನು ಮಾಡಿದ ಒಪ್ಪಂದ ಅವನ ಮೊಮ್ಮಕ್ಕಳ ಗದ್ದೆಗೂ ಅಂಟ್ಕೊಳ್ಳುತ್ತಾ?

ಕೋರ್ಟು ಕಟ್ಟೆ (ಚಿಕ್ಕಮಗಳೂರು)

ಗೌಡ್ರೇ, ಕರ್ನಾಟಕ ಸುಪ್ರೀಂ ಕೋರ್ಟಿನಲ್ಲಿ ನಿಂತು ವಾದಿಸಿದ್ದೂ ಇದನ್ನೇ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕೋರ್ಟ್ ಒಪ್ಪಲಿಲ್ಲ. ಒಪ್ಪಂದಗಳು ನೀರಾವರಿ ಕುರಿತದ್ದು, ಸಾರ್ವಭೌಮತ್ವಕ್ಕೆ ಸಂಬಂಧಪಟ್ಟ ರಾಜಕೀಯ ಒಪ್ಪಂದಗಳಲ್ಲ, ಅನ್ಯಾಯದ ಒಪ್ಪಂದ ಅಂತಲೂ ಹೇಳೋಕಾಗಲ್ಲ ಅಂತು. ಸಂವಿಧಾನ ಬಂದ ಮೇಲೆ ಸಮಬಲ ಬಂದಾಗಲೂ ಯಾಕೆ ಪ್ರಶ್ನಿಸಲಿಲ್ಲ ಅನ್ನೋ ಧಾಟಿಯ ಮಾತೂ ಇದೆ. ಆದರೆ 1924ರ ಒಪ್ಪಂದ 50 ವರ್ಷಕ್ಕೆ, ಅಂದರೆ 1974ಕ್ಕೆ ಮುಗಿಯಿತು ಅಂತ ಒಪ್ಪಿತು. ಕಾವೇರಿ ನ್ಯಾಯಮಂಡಳಿ ಕೊಟ್ಟಿದ್ದ 270 ಟಿಎಂಸಿಗೆ 14.75 ಸೇರಿಸಿ ನಮ್ಮ ಪಾಲು 284.75 ಆಯ್ತು. ರಾಜ್ಯ ರಾಜ್ಯಗಳ ನಡುವೆ ಹರಿಯೋ ನದಿ ರಾಷ್ಟ್ರದ ಆಸ್ತಿ, ಯಾವ ರಾಜ್ಯವೂ ಪೂರ್ತಿ ನನ್ನದು ಅನ್ನಂಗಿಲ್ಲ.

ನಮ್ಮ ನೆಲದಲ್ಲಿ ಹುಟ್ಟಿದ ನೀರು ಪೂರ್ತಿ ನಮ್ಮದು ಅಂತ 1895ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಹಾರ್ಮನ್ ಮೆಕ್ಸಿಕೋಗೆ ಹೇಳಿದ್ದ, ರಿಯೋ ಗ್ರಾಂಡೆ ನದಿ ವಿಷಯದಲ್ಲಿ. ಹತ್ತು ವರ್ಷ ದಾಟುತ್ತಲೇ, 1906ರಲ್ಲಿ, ಅಮೆರಿಕವೇ ಮೆಕ್ಸಿಕೋ ಜೊತೆ ನೀರು ಹಂಚಿಕೊಳ್ಳೋ ಒಪ್ಪಂದಕ್ಕೆ ಕೂತಿತು. ಆ ವಾದ ಮೇಲಿರುವವರಿಗೆ ಮಾತ್ರ ರುಚಿ.

ಗೊರೂರು ಎಡದಂಡೆ

ತೀರ್ಪು ಒಪ್ಪಿದೀವಿ, ಮನಸ್ಸು ಒಪ್ಪಿಲ್ಲ. 1947ರಲ್ಲಿ ಕಿರೀಟ ಹೋಯ್ತು, ಕಿರೀಟದ ಕೈಬರಹ ಉಳ್ಕೊಂತು. ಅಷ್ಟೇ ನಾನು ಹೇಳೋದು.

ಜವಳಿ ಅರೇಬಿಕಾ (ಮೂಡಿಗೆರೆ)

ಮಾರಾಯ್ರೆ, ನೀವೆಲ್ಲ ಹಳೇ ಸಾಮ್ರಾಜ್ಯದ ಜೊತೆ ಜಗಳ ಆಡ್ತಾ ಇದೀರಿ, ನಾವು ತೋಟದವರು ಹೊಸತರ ಜೊತೆ ಆಡ್ತಾ ಇದೀವಿ. ಯುರೋಪ್ ಒಕ್ಕೂಟ 2023ರಲ್ಲಿ ಅರಣ್ಯನಾಶದ ಕಾನೂನು ಮಾಡಿತಲ್ಲ, ಅದರಲ್ಲಿ ಕಾಫಿ ಇದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗಂಗಿಲ್ಲ. ಹಾಗೆ ಬೆಳೆದದ್ದಲ್ಲ ಅಂತ ತೋರಿಸೋಕೆ ಪ್ರತಿ ತೋಟದ ಅಕ್ಷಾಂಶ ರೇಖಾಂಶ ಕೊಡಬೇಕು, 4 ಹೆಕ್ಟೇರ್ ಮೀರಿದರೆ ಸುತ್ತಲಿನ ಗಡಿ ಗುರುತಿಸಿದ ನಕ್ಷೆಯೇ ಬೇಕು. ಜಾರಿ ದಿನ ಮುಂದಕ್ಕೆ ಹೋಗ್ತಾ ಇದೆ ಅನ್ನೋದು ಬೇರೆ ಮಾತು. ಭಾರತದ ಕಾಫಿ ಹೆಚ್ಚಿನ ಪಾಲು ರಫ್ತಾಗುತ್ತೆ, ಅದರಲ್ಲಿ ದೊಡ್ಡ ಗಿರಾಕಿ ಇಟಲಿ, ಜರ್ಮನಿ. ಬೇಡ ಅನ್ನೋ ಧೈರ್ಯ ಯಾರಿಗಿದೆ?

ಸ್ವಾಭಾವಿಕ ಸಂಪತ್ತಿನ ಮೇಲೆ ಆಯಾ ದೇಶದ ಜನರಿಗೆ ಶಾಶ್ವತ ಸಾರ್ವಭೌಮತ್ವ ಅಂತ 1962ರಲ್ಲಿ ವಿಶ್ವಸಂಸ್ಥೆ 1803ನೇ ನಿರ್ಣಯ ಮಾಡಿದೆಯಂತೆ, ನನ್ನ ಅಳಿಯ ಹೇಳ್ತಿದ್ದ. ಆ ನಿರ್ಣಯ ಹಿಡ್ಕೊಂಡು ಹ್ಯಾಂಬರ್ಗ್ ಬಂದರಿಗೆ ಹೋದರೆ ಕಂಟೈನರ್ ಇಳಿಸಿಕೊಳ್ತಾರಾ? ನಮ್ಮ ಕಾಫಿ ನೆರಳಿನ ಮರದ ಕೆಳಗೆ ಬೆಳೆಯೋದು, ಉಪಗ್ರಹದಿಂದ ನೋಡಿದ್ರೆ ತೋಟವೇ ಕಾಡಿನ ಹಾಗೆ ಕಾಣುತ್ತೆ. ಅದನ್ನ ನಾವು ಹೇಳಿ ಒಪ್ಪಿಸಬೇಕು, ಅವರು ಕೇಳಿ ಕಲಿಯಬೇಕಾಗಿಲ್ಲ. ಕಾಡು ಉಳಿಯೋದು ನನಗೂ ಬೇಕು, ಆನೆ ತೋಟಕ್ಕೆ ಬರೋದು ಯಾಕೆ ಅಂತ ನನಗೂ ಗೊತ್ತು. ನಿಯಮ ಮಾಡುವಾಗ ನಮ್ಮನ್ನ ಯಾರು ಕೇಳಿದ್ರು ಅನ್ನೋದಷ್ಟೇ ತಕರಾರು.

ಹಿಂದಿನ ಬೆಂಚು (ಹಾಸನ)

ಅಂಕಲ್, ಉಪಗ್ರಹ ಅಂದ್ರಲ್ಲ, ನಮ್ಮ ಸಾಲಗಾಮೆ ರಸ್ತೆಯಲ್ಲಿರೋ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರದಿಂದ ಉಪಗ್ರಹ ನೋಡ್ಕೋತಾರಲ್ವಾ, ಅವು ಯಾರ ಆಕಾಶದಲ್ಲಿರೋದು?

ಸಾಲಗಾಮೆ ರಸ್ತೆ ಮೇಷ್ಟ್ರು (ಹಾಸನ)

ಯಾರದ್ದೂ ಅಲ್ಲ. 1967ರ ಬಾಹ್ಯಾಕಾಶ ಒಪ್ಪಂದದಲ್ಲಿ ಯಾವ ದೇಶವೂ ಅಂತರಿಕ್ಷದ ಮೇಲೆ ಸಾರ್ವಭೌಮತ್ವ ಹೇಳಂಗಿಲ್ಲ ಅಂತಿದೆ. ಸುಮ್ಮನೆ ಬಿಟ್ಟವರಿಲ್ಲ. ಭೂಸ್ಥಿರ ಕಕ್ಷೆ ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ. 1976ರಲ್ಲಿ ಕೊಲಂಬಿಯಾ, ಈಕ್ವೆಡಾರ್, ಕೀನ್ಯಾ ಮುಂತಾದ ದೇಶಗಳು ಬೊಗೊಟಾದಲ್ಲಿ ಸೇರಿ, ನಮ್ಮ ನೆತ್ತಿಯ ಮೇಲಿನ ಆ ತುಂಡು ನಮ್ಮ ನೆಲದ ಭಾಗ ಅಂತ ಘೋಷಿಸಿದವು. ಯಾರೂ ಮಾನ್ಯ ಮಾಡಲಿಲ್ಲ. ಆದರೆ ಅವರ ಸಿಟ್ಟಿಗೆ ಅರ್ಥ ಇತ್ತು: ರಾಕೆಟ್ ಇರುವವರು ಮೊದಲು ಹೋಗಿ ಜಾಗ ಹಿಡೀತಾರೆ, ನಮ್ಮ ಸರದಿ ಬರುವಾಗ ಖಾಲಿ ಇರಲ್ಲ ಅಂತ. ಜವಳಿಯವರ ತಕರಾರೂ ಅದೇ ಜಾತಿಯದ್ದು.

ಜವಳಿ ಅರೇಬಿಕಾ (ಮೂಡಿಗೆರೆ)

ಇನ್ನೊಂದು ಬಾಕಿ ಇದೆ. ಯುರೋಪು ದೂರದ ಮಾತಾಯ್ತು. ಪಶ್ಚಿಮ ಘಟ್ಟ ಉಳಿಸೋ ಬಗ್ಗೆ ಕಸ್ತೂರಿರಂಗನ್ ವರದಿ ಬಂದಾಗ ನಮ್ಮ ಕಡೆ ಎಷ್ಟೋ ಪಂಚಾಯಿತಿಗಳು ಬೇಡ ಅಂದ್ವು. ಕೇಂದ್ರ ಕರಡು ಮೇಲೆ ಕರಡು ಹೊರಡಿಸ್ತಾನೇ ಇದೆ. ದೇಶಕ್ಕೆ ಸ್ವಯಂ ನಿರ್ಣಯ ಇದ್ರೆ ಊರಿಗೆ ಇಲ್ವಾ?

ಕೋರ್ಟು ಕಟ್ಟೆ (ಚಿಕ್ಕಮಗಳೂರು)

ಸ್ವಲ್ಪ ಇದೆ, ಎಲ್ಲರಿಗೂ ಇಲ್ಲ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್, ಗಣಿಗಾರಿಕೆ ಬೇಕೋ ಬೇಡವೋ ಗ್ರಾಮಸಭೆಗಳನ್ನೇ ಕೇಳಿ ಅಂತು. 12 ಗ್ರಾಮಸಭೆಗಳೂ ಬೇಡ ಅಂದವು, ಗಣಿ ನಿಂತಿತು. ಅದು 2006ರ ಅರಣ್ಯ ಹಕ್ಕು ಕಾಯ್ದೆಯ ಬಲದಿಂದ ಬಂದದ್ದು. ಡೋಂಗ್ರಿಯಾ ಕೊಂಧರಿಗೆ ಆ ಬೆಟ್ಟವೇ ದೇವರು. ಎಸ್ಟೇಟ್ ಮಾಲೀಕರು ಅದೇ ವಾದ ಎತ್ತಿಕೊಂಡರೆ ನಾನು ಎದುರು ಪಾರ್ಟಿ ವಕಾಲತ್ತು ಹಾಕಬೇಕಾಗುತ್ತೆ. ಗ್ರಾಮಸಭೆಯಲ್ಲಿ ಲೈನ್ ಮನೆಯ ಕೂಲಿಯವರು ಎಷ್ಟು ಜನ ಮಾತಾಡಿದ್ರು ಅಂತ ಮೊದಲು ಕೇಳ್ತೀನಿ.

ಜವಳಿ ಅರೇಬಿಕಾ (ಮೂಡಿಗೆರೆ)

ಕೇಳಿ ಮಾರಾಯ್ರೆ, ಕೇಳಬೇಕಾದ್ದೇ. ನನ್ನದು ಎಸ್ಟೇಟ್ ಅಲ್ಲ, ಆರೆಕರೆ.

ಹೆತ್ತೂರಿನ ಮಗಳು (ಎಡಿನ್‌ಬರೋ, ಮೂಲ ಸಕಲೇಶಪುರ)

ಒಬ್ಬೊಬ್ಬರನ್ನೂ ಕೇಳಿ ಮಾಡಿದ್ದು ನಮ್ಮ ದೇಶದಲ್ಲೇ ಇದೆ. ಭಾರತ, ಬಾಂಗ್ಲಾದೇಶದ ಗಡಿಯಲ್ಲಿ ಒಂದರೊಳಗೊಂದು ಸಿಕ್ಕಿಹಾಕಿಕೊಂಡಿದ್ದ ತುಂಡು ನೆಲಗಳು. ನಮ್ಮವು 111 ಅವರೊಳಗೆ, ಅವರವು 51 ನಮ್ಮೊಳಗೆ. ಶಾಲೆ, ಕರೆಂಟು, ಪಡಿತರ ಯಾವುದೂ ಇಲ್ಲದ ಜನ. 100ನೇ ತಿದ್ದುಪಡಿ ಮಾಡಿ 2015ರ ಜುಲೈ 31ರ ಮಧ್ಯರಾತ್ರಿ ನೆಲ ಬದಲಾಯಿಸಿಕೊಂಡರು. ಯಾವ ದೇಶ ಬೇಕು ಅಂತ ಒಬ್ಬೊಬ್ಬರಿಗೂ ಆಯ್ಕೆ ಕೊಟ್ಟರು. ಬಾಂಗ್ಲಾದೇಶದ ಒಳಗಿದ್ದ ನಮ್ಮ ತುಂಡುಗಳಲ್ಲಿ ಸುಮಾರು 37,000 ಜನ, ಅವರಲ್ಲಿ ಭಾರತ ಬೇಕು ಅಂದು ಎದ್ದು ಬಂದವರು ಸಾವಿರಕ್ಕಿಂತ ಕಡಿಮೆ. ಮಿಕ್ಕವರು ಗದ್ದೆ ಬಿಟ್ಟು ಬರಲಿಲ್ಲ.

ಅರಸೀಕೆರೆ ಜಂಕ್ಷನ್

ಭಾರತ ಕೊಟ್ರೂ ಬೇಡ ಅಂದ್ರಾ? ಇದು ನನಗೆ ಗೊತ್ತಿರಲಿಲ್ಲ. ಆದರೂ ದೇಶದ ನೆಲ ಬಿಟ್ಟುಕೊಡೋಕೆ ಸಂವಿಧಾನ ತಿದ್ದಬೇಕಾಯ್ತಲ್ಲ, ಅದು ಸರಿ. ಸುಮ್ಮನೆ ಮಂತ್ರಿ ಸಹಿ ಹಾಕಿ ಕೊಡೋ ಹಾಗಿರಬಾರದು.

ಕೋರ್ಟು ಕಟ್ಟೆ (ಚಿಕ್ಕಮಗಳೂರು)

ಗಡಿಯ ಬೇರುಬಾರಿಯನ್ನು ಪಾಕಿಸ್ತಾನಕ್ಕೆ ಬಿಟ್ಟುಕೊಡೋ ವಿಷಯದ 1960ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ ಅಣ್ಣ. ಮೊದಲ ಸಲ ನೀವೂ ಕೋರ್ಟೂ ಒಂದೇ ಕಡೆ.

ಗೊರೂರು ಎಡದಂಡೆ

ಬಾಂಗ್ಲಾದೇಶ ಅಂದ್ರಲ್ಲ, ನೀರಿನ ಪ್ರಶ್ನೆ ಇನ್ನೊಂದು ಕೇಳ್ತೀನಿ. ನಮ್ಮ ಹೊಳೆನರಸೀಪುರದ ದೇವೇಗೌಡ್ರು ಪ್ರಧಾನಿ ಆಗಿದ್ದಾಗ 1996ರ ಡಿಸೆಂಬರ್‌ನಲ್ಲಿ ಗಂಗಾ ನೀರಿನ ಒಪ್ಪಂದ ಆಯ್ತು. ಪಶ್ಚಿಮ ಬಂಗಾಳದ ಫರಕ್ಕಾದಲ್ಲಿ ಹರಿವು 70,000 ಕ್ಯುಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ರೆ ಅರ್ಧ ಅರ್ಧ. ಮೇಲಿನ ದೇಶ ನಾವು, ದೊಡ್ಡ ದೇಶ ನಾವು, ಆದ್ರೂ ಸಮಪಾಲು. 30 ವರ್ಷಕ್ಕೆ ಅಂತ ಇದೆ, ಅಂದ್ರೆ 2026ರ ಡಿಸೆಂಬರ್‌ಗೆ ಮುಗಿಯುತ್ತೆ. ಮುಗಿದ ಮೇಲೆ ನೀರು ಯಾರದು? ನಮ್ಮ 1924ರದ್ದು 1974ಕ್ಕೆ ಮುಗಿದ ಮೇಲೆ 44 ವರ್ಷ ಕೋರ್ಟು, ನ್ಯಾಯಮಂಡಳಿ ಅಂತ ಅಲೆದ ಹಾಗೆ ಅವರೂ ಅಲೀಬೇಕಾ?

ಕೋರ್ಟು ಕಟ್ಟೆ (ಚಿಕ್ಕಮಗಳೂರು)

ಅವರಿಗೆ ಅಲೆಯೋಕೆ ಕೋರ್ಟೂ ಇಲ್ಲ ಗೌಡ್ರೇ. ನಮ್ಮಿಬ್ಬರ ಮೇಲೆ ಸುಪ್ರೀಂ ಕೋರ್ಟ್ ಇತ್ತು, ಎರಡು ಸಾರ್ವಭೌಮ ದೇಶಗಳ ಮೇಲೆ ಅಂಥದ್ದು ಇಲ್ಲ, ಇಬ್ಬರೂ ಒಪ್ಪಿ ಹೋದರೆ ಮಾತ್ರ ಹೇಗ್. ಪರಸ್ಪರ ಒಪ್ಪಿಗೆಯಿಂದ ಮುಂದುವರಿಸಬಹುದು ಅಂತ ಒಪ್ಪಂದದಲ್ಲೇ ಇದೆ. ಒಪ್ಪಂದ ಇಲ್ಲದಿದ್ದರೂ ಕೆಳಗಿನವರಿಗೆ ಗಂಭೀರ ಹಾನಿ ಮಾಡಬಾರದು, ನ್ಯಾಯವಾಗಿ ಹಂಚಿಕೊಳ್ಳಬೇಕು ಅನ್ನೋ ರೂಢಿಯ ನಿಯಮ ಉಳಿಯುತ್ತೆ, ಎಷ್ಟು ಕ್ಯುಸೆಕ್ ಅನ್ನೋ ಲೆಕ್ಕ ಉಳಿಯಲ್ಲ. ಕಾವೇರಿಯಲ್ಲಿ ನೀವು ಮೇಲಿನವರು, ಅಲ್ಲಿ ದೇಶವೇ ಮೇಲಿನದು. ನಿಮ್ಮ ಗದ್ದೆಯಲ್ಲಿ ನಿಂತು ಏನು ವಾದ ಮಾಡ್ತೀರೋ ಅದನ್ನೇ ಫರಕ್ಕಾದಲ್ಲೂ ಮಾಡ್ತೀರಾ ಹೇಳಿ, ಆಮೇಲೆ ಮುಂದಿನದು ಬರೀತೀನಿ.

ಗೊರೂರು ಎಡದಂಡೆ

ನಾಲೆಗೆ ನೀರು ಬಿಟ್ಟಿದಾರೆ, ಸರದಿ ನಮ್ಮದು. ರಾತ್ರಿ ಬಂದು ಉತ್ತರ ಹೇಳ್ತೀನಿ ವಕೀಲ್ರೇ.